ಕ್ಯಾಪ್ಸೂಲ್ ಬಿಟ್ಟು ಜೆಲ್ ಮಾತ್ರ ಹಚ್ಚಬೇಡಿ

ಮಂಡ್ಯದಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ವಯಸ್ಸು 47, ಪ್ರೌಢಶಾಲೆಯಲ್ಲಿ ಶಿಕ್ಷಕಿ. ಒಂದು ವರ್ಷದಿಂದ ಮುಟ್ಟು ಏರುಪೇರು: ಒಮ್ಮೆ ಇಪ್ಪತ್ತು ದಿನಕ್ಕೆ, ಒಮ್ಮೆ ಎರಡೂವರೆ ತಿಂಗಳಿಗೆ. ರಾತ್ರಿ ಮೈ ಕಾದು, ನೈಟಿ ಬೆವರಿನಲ್ಲಿ ತೊಯ್ದು ಎರಡು ಮೂರು ಸಲ ಎದ್ದು ಕೂರುತ್ತಾರೆ. ಬೋರ್ಡಿನ ಮುಂದೆ ನಿಂತಾಗ ಬರೆಯಬೇಕಾದ ಪದವೇ ಮರೆತು, ಮಕ್ಕಳೆದುರು ಕಣ್ಣೀರು ಬಂದಿದೆ. ಸ್ತ್ರೀರೋಗ ತಜ್ಞೆ ಪರೀಕ್ಷೆ ಮಾಡಿ, ಮುಟ್ಟು ನಿಲ್ಲುವ ಕಾಲದ ಈ ಬಾಧೆಗೆ ಎರಡು ಹಾರ್ಮೋನ್ ಔಷಧಿ, ತೋಳಿಗೆ ಹಚ್ಚುವ ಈಸ್ಟ್ರೊಜೆನ್ ಜೆಲ್ ಮತ್ತು ರಾತ್ರಿ ನುಂಗುವ ಪ್ರೊಜೆಸ್ಟರೋನ್ ಕ್ಯಾಪ್ಸೂಲ್ ಬರೆದುಕೊಟ್ಟಿದ್ದಾರೆ. ಮೆಡಿಕಲ್ ಶಾಪಿನ ಹುಡುಗ ಕ್ಯಾಪ್ಸೂಲ್ ನೋಡಿ, "ಇದು ಗರ್ಭ ನಿಲ್ಲೋಕೆ ಕೊಡೋದು ಮೇಡಂ, ಯಾರಿಗೆ?" ಎಂದನಂತೆ. ನಾಚಿಕೆಯಾಗಿ ತಂದು ಬೀರುವಿನಲ್ಲಿಟ್ಟಿದ್ದಾರೆ. ಓರಗಿತ್ತಿ "ಹಾರ್ಮೋನ್ ಅಂದ್ರೆ ಕ್ಯಾನ್ಸರ್ ಕಣೆ" ಎಂದಿದ್ದಾರೆ. ದೊಡ್ಡಮ್ಮನಿಗೆ ಸ್ತನ ಕ್ಯಾನ್ಸರ್ ಆಗಿತ್ತು ಬೇರೆ. ಅತ್ತೆ, "ನಮಗೆಲ್ಲ ನಿಲ್ಲಲಿಲ್ವಾ, ತಡ್ಕೊ" ಅನ್ನುತ್ತಾರೆ. "ಕ್ಯಾಪ್ಸೂಲ್ ಬಿಟ್ಟು ಜೆಲ್ ಮಾತ್ರ ಹಚ್ಚಿಕೊಂಡರೆ ಸಾಕೆ? ಇಲ್ಲ, ಎರಡೂ ಬೇಡವೆ?" ಎಂಬುದು ಅವರ ಪ್ರಶ್ನೆ.

ಪ್ರಿಯ ಸೋದರಿ,

ಉಳಿದದ್ದೆಲ್ಲ ಆಮೇಲೆ, ಮೊದಲು ಆ ಕ್ಯಾಪ್ಸೂಲಿನ ವಿಚಾರ. ಗರ್ಭಕೋಶ ಇರುವ ಹೆಂಗಸು ಜೆಲ್ ಮಾತ್ರ ಹಚ್ಚಿಕೊಳ್ಳಬಾರದು. ಈಸ್ಟ್ರೊಜೆನ್ ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ. ಆ ಬೆಳವಣಿಗೆಯನ್ನು ಹತೋಟಿಯಲ್ಲಿಡುವುದು ಪ್ರೊಜೆಸ್ಟರೋನ್. ಅದಿಲ್ಲದೆ ಪದರ ದಪ್ಪವಾಗುತ್ತಲೇ ಹೋದರೆ ಅಲ್ಲಿ ಕ್ಯಾನ್ಸರ್ ಹುಟ್ಟುವ ಸಂಭವ ಹೆಚ್ಚು. 1975ರಲ್ಲಿ ಅಮೆರಿಕದ ಅಧ್ಯಯನಗಳು ಇದನ್ನು ತೋರಿಸಿಕೊಟ್ಟ ಮೇಲೆಯೇ ಎರಡನೆಯ ಹಾರ್ಮೋನನ್ನು ಜೊತೆಗೆ ಕೊಡುವುದು ರೂಢಿಗೆ ಬಂತು. ಕ್ಯಾನ್ಸರ್‌ಗೆ ಹೆದರಿ ನೀವು ಬಿಡಬೇಕೆಂದಿರುವುದು ಗರ್ಭಕೋಶದ ಕ್ಯಾನ್ಸರ್ ಬಾರದಂತೆ ಕಾಯುವ ಔಷಧಿಯನ್ನೇ. ನಿಮ್ಮ ಆ ಒಂದು ಸಾಲು ಓದಿ ನನಗೆ ಸಂಕಟವಾಯಿತು. ಅದಕ್ಕೇ ಈ ತಿಂಗಳ ಬೇರೆ ಪತ್ರಗಳನ್ನು ಬದಿಗಿಟ್ಟು ಇಡೀ ಪುಟವನ್ನು ನಿಮಗೇ ಕೊಟ್ಟಿದ್ದೇನೆ. ನಾನು ವೈದ್ಯೆಯಲ್ಲ. ಮೈಸೂರಿನ ಇಬ್ಬರು ಸ್ತ್ರೀರೋಗ ತಜ್ಞೆಯರ ಹತ್ತಿರ ಕೂತು ಕೇಳಿ ತಿಳಿದುಕೊಂಡು ಬರೆಯುತ್ತಿದ್ದೇನೆ.

ಅಂಗಡಿಯ ಹುಡುಗ ಸುಳ್ಳು ಹೇಳಿಲ್ಲ. ಬಸುರಿ ನಿಲ್ಲಲೆಂದು ಮೊದಲ ತಿಂಗಳುಗಳಲ್ಲಿ ಕೊಡುವುದೂ ಇದೇ ಹಾರ್ಮೋನು. ನಿಮ್ಮಲ್ಲಿ ಅದರ ಕೆಲಸ ಬೇರೆ, ಅಷ್ಟೆ. ಮುಂದಿನ ಸಲ ಕೇಳಿದರೆ "ಮುಟ್ಟು ನಿಲ್ಲೋ ಕಾಲಕ್ಕೆ ಕೊಟ್ಟಿದ್ದಾರೆ, ನನಗೇ" ಎಂದು ಹೇಳಿ. ಅದರಲ್ಲಿ ನಾಚುವಂಥದ್ದು ಏನೂ ಇಲ್ಲ. ಇದು ಸ್ವಲ್ಪ ಮಂಪರು ತರುತ್ತದೆ, ಅದಕ್ಕೇ ಮಲಗುವ ಹೊತ್ತಿಗೆ ಬರೆದಿರುವುದು. ಮುಟ್ಟು ಇನ್ನೂ ಬರುತ್ತಿರುವವರಿಗೆ ಸಾಮಾನ್ಯವಾಗಿ ತಿಂಗಳಲ್ಲಿ 12ರಿಂದ 14 ದಿನ ಕೊಡುತ್ತಾರೆ, ಮುಗಿದ ಮೇಲೆ ಸ್ರಾವ ಆಗುತ್ತದೆ. ನಿಮಗೆ ಎಷ್ಟು ದಿನ ಎಂಬುದನ್ನು ಚೀಟಿಯಲ್ಲಿ ನೋಡಿ. ಗೊಂದಲವಿದ್ದರೆ ಅಂಗಡಿಯಲ್ಲಿ ಕೇಳಬೇಡಿ, ಡಾಕ್ಟರನ್ನೇ ಕೇಳಿ.

ಇನ್ನು ಓರಗಿತ್ತಿಯ ಮಾತು. ಅದು ಅವರ ಕಲ್ಪನೆಯಲ್ಲ. ಜಗತ್ತಿನ ಅರ್ಧ ಹೆಂಗಸರಿಗೆ ಈ ಭಯ ಹತ್ತಿದ್ದು 2002ರ ಜುಲೈನಲ್ಲಿ. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಎಂಬ ದೊಡ್ಡ ಅಧ್ಯಯನದ ಒಂದು ಭಾಗವನ್ನು ನಡುವೆಯೇ ನಿಲ್ಲಿಸಿದರು. ಅದರಲ್ಲಿದ್ದವರು 16,608 ಹೆಂಗಸರು. ಸ್ತನ ಕ್ಯಾನ್ಸರ್ ವರ್ಷಕ್ಕೆ ಹತ್ತು ಸಾವಿರ ಮಂದಿಯಲ್ಲಿ 30 ಇದ್ದದ್ದು ಹಾರ್ಮೋನ್ ತೆಗೆದುಕೊಂಡವರಲ್ಲಿ 38 ಆಯಿತು. ಎಂಟು ಹೆಚ್ಚು. ಆ ಎಂಟನ್ನು ನಾನು ಹಗುರ ಮಾಡುವುದಿಲ್ಲ, ಅದರಲ್ಲಿ ಒಬ್ಬರು ನಮ್ಮ ಮನೆಯವರಾದರೆ ಅದು ಎಂಟಲ್ಲ. ಆದರೆ ಅವರ ಸರಾಸರಿ ವಯಸ್ಸು 63 ಎಂಬುದು ಯಾರ ಬಾಯಲ್ಲೂ ಬರಲಿಲ್ಲ. ಮುಟ್ಟು ನಿಂತು ಎಷ್ಟೋ ವರ್ಷವಾದವರೇ ಅವರಲ್ಲಿ ಹೆಚ್ಚು. ಕೊಟ್ಟದ್ದು ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೊಜೆನ್ ಮತ್ತು ಇನ್ನೊಂದು ಕೃತಕ ಹಾರ್ಮೋನು, ನುಂಗುವ ಮಾತ್ರೆಯಾಗಿ. ನಿಮ್ಮ ವಯಸ್ಸು ಬೇರೆ, ನಿಮ್ಮ ಔಷಧಿ ಬೇರೆ. ಇವತ್ತು ತಜ್ಞರು ಹೇಳುವುದೇನೆಂದರೆ, 60 ದಾಟದವರಿಗೆ ಅಥವಾ ಮುಟ್ಟು ನಿಂತು ಹತ್ತು ವರ್ಷವಾಗದವರಿಗೆ, ಬೇರೆ ತೊಂದರೆ ಇಲ್ಲದೆ ಇಂಥ ಬಾಧೆ ಇದ್ದರೆ, ಅಪಾಯಕ್ಕಿಂತ ಉಪಯೋಗವೇ ಹೆಚ್ಚು. ರಕ್ತ ಹೆಪ್ಪುಗಟ್ಟುವ ಭಯವೂ ಮಾತ್ರೆಗೆ ಇರುವಷ್ಟು ಚರ್ಮಕ್ಕೆ ಹಚ್ಚುವ ಜೆಲ್‌ಗೆ ಇಲ್ಲ. ಹಾಗೆಂದು ವರ್ಷ ಹೆಚ್ಚಿದಂತೆ ಸ್ತನದ ಅಪಾಯ ಸ್ವಲ್ಪ ಸ್ವಲ್ಪವೇ ಏರುವುದು ನಿಜ. ಆದ್ದರಿಂದ ವರ್ಷಕ್ಕೊಮ್ಮೆ ಡಾಕ್ಟರ ಮುಂದೆ ಕೂತು, ಮುಂದುವರಿಸುವುದೋ ನಿಲ್ಲಿಸುವುದೋ ಎಂದು ಮಾತಾಡಲೇಬೇಕು.

ಸ್ತನ ಕ್ಯಾನ್ಸರ್ ಆದವರಿಗೆ, ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ, ಹೃದಯಾಘಾತ ಇಲ್ಲವೇ ಪಾರ್ಶ್ವವಾಯು ಆದವರಿಗೆ, ಯಕೃತ್ತಿನ ಕಾಯಿಲೆ ಇರುವವರಿಗೆ, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ. ಬಿಪಿ ಇದ್ದರೆ ಮೊದಲು ಅದು ಹತೋಟಿಗೆ ಬರಬೇಕು.

ಅತ್ತೆಯವರ ಮಾತಿಗೆ ಬರುತ್ತೇನೆ. ನನಗೆ 49 ಇದ್ದಾಗ ನಡುರಾತ್ರಿ ಎದೆ ಡವಡವ ಹೊಡೆದುಕೊಂಡು, ಮೈಯೆಲ್ಲ ನೀರಾಗಿ, ಹಾರ್ಟ್ ಅಟ್ಯಾಕೇ ಎಂದುಕೊಂಡು ಆಸ್ಪತ್ರೆಗೆ ಓಡಿದ್ದೆ. ಇಸಿಜಿ ಸರಿಯಿತ್ತು. "ಟೆನ್ಷನ್ ಮಾಡ್ಕೋಬೇಡಿ ಅಮ್ಮ" ಎಂದು ಕಳಿಸಿದರು. ಮುಟ್ಟಿನ ಬಗ್ಗೆ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಎರಡು ವರ್ಷ ಹಾಗೇ ಹೋಯಿತು. ಆ ಎರಡು ವರ್ಷ ಮನೆಯವರ ಮೇಲೆ ಹರಿಹಾಯ್ದದ್ದೇ ನನಗೆ ನೆನಪು. ನಿಮ್ಮ ಅತ್ತೆಯೂ ತಡೆದುಕೊಂಡಿರುತ್ತಾರೆ. ಅವರಿಗೆ ಬೇರೆ ದಾರಿ ಇತ್ತು ಎಂದು ಯಾರೂ ಹೇಳಿರಲಿಲ್ಲ. ನಿಮಗೆ ಹೇಳಿದ್ದಾರೆ. ನಿದ್ದೆಯಿಲ್ಲದೆ ಪಾಠ ಮಾಡಲಾಗುತ್ತಿಲ್ಲ ಎಂಬುದು ಚಿಕಿತ್ಸೆಗೆ ಸಾಕಷ್ಟು ದೊಡ್ಡ ಕಾರಣ.

ಶುರು ಮಾಡಿದರೆ ಕೆಲವು ವಾರಗಳಲ್ಲೇ ಬೆವರು ಕಡಿಮೆಯಾಗತೊಡಗುತ್ತದೆ, ಪೂರ್ತಿ ಗುಣ ಕಾಣಲು ಮೂರು ತಿಂಗಳಾದರೂ ಬೇಕು. ಮೊದಮೊದಲು ಸ್ತನ ನೋಯಬಹುದು, ಅಲ್ಲಲ್ಲಿ ಸ್ರಾವ ಕಾಣಬಹುದು. ತೀರಾ ಹೆಚ್ಚು ಹೋದರೆ, ಅಥವಾ ತಿಂಗಳುಗಳಾದರೂ ನಿಲ್ಲದಿದ್ದರೆ "ಇದೆಲ್ಲ ಈ ವಯಸ್ಸಿಗೆ ಸಹಜ" ಎಂದು ಸುಮ್ಮನಿರಬೇಡಿ, ತೋರಿಸಿ. ಜೆಲ್ ಹಚ್ಚಿ ಒಂದು ಗಂಟೆಯಾದರೂ ಆಗುವ ತನಕ ಆ ಜಾಗ ಬೇರೆಯವರಿಗೆ, ಮುಖ್ಯವಾಗಿ ಮಕ್ಕಳಿಗೆ, ತಾಗಬಾರದು. ಇನ್ನೊಂದು ಮಾತು ಯಾರೂ ಹೇಳುವುದಿಲ್ಲ: ಇದು ಗರ್ಭನಿರೋಧಕವಲ್ಲ. ಐವತ್ತರೊಳಗಿನವರು ಕೊನೆಯ ಮುಟ್ಟಾಗಿ ಎರಡು ವರ್ಷದವರೆಗೂ ಎಚ್ಚರದಿಂದಿರಬೇಕು. ಮೂಳೆಗೆ ಮುದ್ದೆ ಒಳ್ಳೆಯದೇ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ರಾತ್ರಿಯ ಬೆವರು ಅದರಿಂದ ನಿಲ್ಲುವುದಿಲ್ಲ.

ಮನಸ್ಸು ಇನ್ನೂ ಒಪ್ಪದಿದ್ದರೆ ಇನ್ನೊಬ್ಬರನ್ನು ಕೇಳಿ. ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆ ಇದೆ, ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆ ಇದೆ. ಹಾರ್ಮೋನೇ ಬೇಡ ಎಂದು ನಿರ್ಧರಿಸಿದರೂ ಬೆವರಿಗೆ, ನಿದ್ದೆಗೆ ಬೇರೆ ಔಷಧಿಗಳಿವೆ.

ದೊಡ್ಡಮ್ಮನ ವಿಷಯವನ್ನು ಡಾಕ್ಟರಿಗೆ ಹೇಳಿದ್ದೀರೋ ಇಲ್ಲವೋ, ಪತ್ರದಲ್ಲಿ ಬರೆದಿಲ್ಲ. ಹೇಳಿಲ್ಲವಾದರೆ ಬೀರು ತೆಗೆಯುವ ಮುಂಚೆ ಅದೊಂದು ಆಗಬೇಕು. ದೊಡ್ಡಮ್ಮನಿಗೆ ಆಗಿದೆ ಎಂದಾಕ್ಷಣ ನಿಮಗೆ ಈ ಚಿಕಿತ್ಸೆ ಆಗದು ಎಂದಲ್ಲ. ಆದರೆ ಅಮ್ಮನಿಗೋ ಅಕ್ಕತಂಗಿಯರಿಗೋ ಆಗಿದ್ದರೆ, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹಲವರಿಗೆ ಬಂದಿದ್ದರೆ ಲೆಕ್ಕ ಬದಲಾಗುತ್ತದೆ. ಈ ಭಾನುವಾರ ಅಮ್ಮನಿಗೆ ಫೋನ್ ಮಾಡಿ, ದೊಡ್ಡಮ್ಮನಿಗೆ ಕಾಯಿಲೆ ಬಂದಾಗ ವಯಸ್ಸೆಷ್ಟಿತ್ತು, ಆ ಕಡೆ ಇನ್ನಾರಿಗಾದರೂ ಆಗಿತ್ತೇ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಸೋಮವಾರ ಆ ಚೀಟಿಯನ್ನೂ ಬೀರುವಿನಲ್ಲಿರುವ ಎರಡೂ ಔಷಧಿಗಳನ್ನೂ ಡಾಕ್ಟರ ಮುಂದೆ ಇಡಿ.