ರೊಟ್ಟಿ ಸೀಳೂದು ಕೈಗುಣ ಅಲ್ರಿ, ಹಿಟ್ಟಿನ ಗುಣ

ಅಕ್ಕಾರ, ನೀವು ಮೂರು ಮಾತು ಒಂದರಾಗ ಕೂಡಿಸಿ ಕೇಳೀರಿ. ಬಡೀವಾಗ ರೊಟ್ಟಿ ಅಂಚು ಸೀಳತೈತಿ, ಅತ್ತಿಯವರು ಅದನ್ನ ಸೊಸಿ ಕೈಗುಣ ಅಂತಾರ, ರೇಷನ್ ಜ್ವಾಳ ಬಿಟ್ಟು ಮಾಲದಂಡಿ (ಹಿಂಗಾರಿ ಬಿಳಿ ಜ್ವಾಳದ ತಳಿ) ತಗೊಂಡ್ರ ಸರಿ ಹೋಗತೈತೇನು ಅಂತ. ಕೈಗುಣದ ಮಾತು ಮೊದಲ ಬಿಡ್ರಿ. ಹಿಟ್ಟು ಹಳೇದಾಗಿದ್ರ ನಲವತ್ತು ವರ್ಷ ರೊಟ್ಟಿ ಬಡದ ಕೈಯಾಗೂ ಸೀಳತೈತಿ. ಅನುಮಾನ ಇದ್ರ ಅದ ಡಬ್ಬಿ ಹಿಟ್ಟು ಅತ್ತಿಯವರ ಮುಂದ ಇಟ್ಟು ನೋಡ್ರಿ, ಜಗಳ ಅಲ್ಲೇ ಮುಗೀತೈತಿ.

ಗೋದಿ ಹಿಟ್ಟಿನಾಗ ಗ್ಲುಟೆನ್ ಐತಿ, ನಾದಿದಂಗ ಎಳಿ ಕಟ್ಟತೈತಿ. ಜ್ವಾಳದಾಗ ಅದು ಇಲ್ಲ. ಕುದಿಯೋ ಎಸರು ಬಿದ್ದಾಗ ಪಿಷ್ಟ ಬೆಂದು ಜಿಗಿ ಬರತೈತಲ್ಲ, ರೊಟ್ಟಿನ್ನ ಹಿಡಿದು ನಿಲ್ಲಸೂದು ಅದೊಂದ. ಹಂಗಾಗಿ ನೋಡಬೇಕಾದ್ದು ಎರಡ: ಹಿಟ್ಟು ಎಷ್ಟು ದಿನದ್ದು, ಎಸರು ಖರೇ ಕುದ್ದಿತ್ತೇನು.

ಜ್ವಾಳದ ಕಾಳಿನ ಮೊಳಕಿ ಭಾಗದಾಗ ಎಣ್ಣಿ ಅಂಶ ಇರತೈತಿ. ಬೀಸಿದ ಮ್ಯಾಲ ಅದಕ್ಕ ಗಾಳಿ ತಾಗಿ ಕಮಟು ಹಿಡೀತೈತಿ, ಜಿಗಿನೂ ಕಮ್ಮಿ ಆಗತೈತಿ. 10-15 ದಿನಕ್ಕ ಎಷ್ಟು ಬೇಕೋ ಅಷ್ಟ ಗಿರಣಿಗೆ ಹಾಕಿಸ್ರಿ. ತಿಂಗಳಿಗೆ ಒಮ್ಮೆ 20 ಕಿಲೋ ಬೀಸಿಸಿ ಡಬ್ಬಿ ತುಂಬೂದ ನಿಮ್ಮ ಅರ್ಧ ಸಮಸ್ಯಾ. ಗಿರಣಿಯಾಗ ಸಣ್ಣಗ ಬೀಸ್ರಿ ಅಂತ ಹೇಳ್ರಿ, ತರಿ ಹಿಟ್ಟು ನೀರು ಸರಿಯಾಗಿ ಕುಡಿಯೂದಿಲ್ಲ. ಬಿಸಿ ಹಿಟ್ಟು ಹಂಗ ಡಬ್ಬಿಗೆ ತುಂಬಿ ಮುಚ್ಚಳ ಹಾಕಬ್ಯಾಡ್ರಿ, ಒಳಗ ಬೆವತು ಗಂಟು ಕಟ್ಟತೈತಿ. ಅರಿವಿ ಮ್ಯಾಲ ಹರವಿ ಪೂರ್ತಿ ಆರಿದ ಮ್ಯಾಲ ತುಂಬ್ರಿ.

ಈಗ ಕೆಲಸ. ಪರಾತದಾಗ 2 ಬಟ್ಟಲ ಹಿಟ್ಟು ಗುಡ್ಡಿ ಮಾಡಿ ನಡುವ ಕುಣಿ ತಗೀರಿ. ಎಸರು ಒಂದೂವರೆ ಬಟ್ಟಲ ಸಾಕು, ಹೊಸಾ ಹಿಟ್ಟಿಗೆ ತಟಗ ಜಾಸ್ತಿ ಹಿಡೀತೈತಿ. ನೀರು ಗುಳ್ಳಿ ಏಳಾಕ ಹತ್ತಿದ್ರ ಸಾಲೂದಿಲ್ಲ, ಕೊತಕೊತ ಕುದೀಬೇಕು. ಒಲಿ ಮ್ಯಾಲಿಂದ ಇಳಿಸಿ ಫೋನ್ ಮಾತಾಡಿ ಬಂದು ಹಾಕಿದ್ರ ಅದು ಎಸರು ಅಲ್ಲ, ಬಿಸಿ ನೀರು. ಕುಣಿಗೆ ಸುರುವಿ, ಸೌಟಿನ ಹಿಡಿಕಿಲೆ ಕೂಡಿಸಿ, ಮ್ಯಾಲ ಒಣ ಹಿಟ್ಟು ಎಳದು ಎರಡು ನಿಮಿಷ ಮುಚ್ಚಿ ಬಿಡ್ರಿ. ಆಮ್ಯಾಲ ಅಂಗೈ ಬುಡ ಕೊಟ್ಟು ನಾದ್ರಿ, ಬಿರುಸು ಅನಿಸಿದ್ರ ಕೈಗೆ ತಣ್ಣೀರು ಹಚ್ಚಿಕೊಳ್ರಿ. ಎಲ್ಲಾ ಹಿಟ್ಟು ಒಮ್ಮೆಲೇ ನಾದಿ ಇಟ್ರ ಕಡೀ ಉಂಡಿ ಬರೂವಷ್ಟರಾಗ ಒಣಗಿರತೈತಿ. ಬಡಿಯೋ ಮುಂಚೆ ಪ್ರತಿ ಉಂಡಿನೂ ಮತ್ತ ಅರ್ಧ ನಿಮಿಷ ತಿಕ್ಕಿ ನಾದಬೇಕು, ಭಾಳ ಮಂದಿ ಬಿಡೂದು ಇದನ್ನ.

ಉಂಡಿನ್ನ ಅಂಗೈಯಾಗ ಒತ್ತಿ ಅಂಚು ನೋಡ್ರಿ. ಕೂದಲಷ್ಟು ಸೀಳು ಅಲ್ಲೇ ಕಂಡ್ರ ಬಡಿಯಾಕ ಹೋಗಬ್ಯಾಡ್ರಿ, ಬಡದಂಗ ಅದ ಸೀಳು ಬೆರಳಗಲ ಆಗತೈತಿ. ತಣ್ಣೀರು ಹಚ್ಚಿ ಮತ್ತ ನಾದ್ರಿ. ಅಂಚು ನುಣ್ಣಗ ಇದ್ರ ಕಲ್ಲಿನ ಮ್ಯಾಲ ಹಿಟ್ಟು ಉದುರಿಸಿ, ನಡುವಿಂದ ಅಂಚಿಗೆ ಬೆರಳು ಒತ್ತಕೋತ ರೊಟ್ಟಿ ತಿರುಗಿಸಿ ಬಡೀರಿ. ತಿರುಗಲಿಲ್ಲ ಅಂದ್ರ ಕೆಳಗ ಹಿಟ್ಟು ಕಮ್ಮಿ ಆಗೇತಿ ಅಂತ ಅರ್ಥ.

ಹಂಚು ಚೆನ್ನಾಗಿ ಕಾದಿರಲಿ. ಕಲ್ಲಿಗೆ ಹತ್ತಿದ್ದ ಮಗ್ಗಲ ಮ್ಯಾಲ ಬರಬೇಕು, ಒದ್ದಿ ಅರಿವಿಲೆ ಪೂರ್ತಿ ನೀರು ಸವರಿ ಒಣ ಹಿಟ್ಟು ತೊಳೀರಿ. ನೀರಿನ ಹೊಳಪು ಆರಿದಕೂಡಲೇ ಹೊಳ್ಳಿಸ್ರಿ. ಮೊದಲ ಹೊಳ್ಳಿಸಿದ್ರ ಹಂಚಿಗೆ ಅಂಟತೈತಿ, ತಡ ಮಾಡಿದ್ರ ಮ್ಯಾಲ ಬಿರುಕು ಬಿಟ್ಟು ಉಗಿ ಹೊರಗ ಹೋಗತೈತಿ, ಉಬ್ಬೂದಿಲ್ಲ.

ಇನ್ನ ಜ್ವಾಳ. ಕಾಳು ಎಲ್ಲಿಂದ ಬಂತು ಅನ್ನೂದಕಿಂತ ಯಾವ ಹಂಗಾಮಿಂದು ಅನ್ನೂದು ನೋಡ್ರಿ. ಮುಂಗಾರಿ ಹೈಬ್ರಿಡ್ ತೆನಿ ಕಾಳು ಕಟ್ಟೂವಾಗ ಮಳಿ ಹಿಡದ್ರ ಬೂಷ್ಟು ಬಂದು ಕಾಳು ಕಪ್ಪಾಗತೈತಿ, ಅಂಥದ್ದರ ರೊಟ್ಟಿ ಬಣ್ಣನೂ ಇಲ್ಲ ರುಚಿನೂ ಇಲ್ಲ. ನವಲಗುಂದ, ನರಗುಂದ, ರೋಣದ ಎರಿ (ಕಪ್ಪು ಮಣ್ಣಿನ) ಹೊಲದಾಗ ಹಿಂಗಾರಿಗೆ ಬಿತ್ತೋ ಮಾಲದಂಡಿ ಒಣ ಹವಾದಾಗ ಬಲೀತೈತಿ, ಕಾಳು ಬೆಳ್ಳಗ ಮುತ್ತಿನಂಗ ಇರತೈತಿ. ರಾಶಿ ಆದ ಮ್ಯಾಲ ಹೊಲದವರ ಕಡೆ ವರ್ಷದ್ದು ತಗೊಂಡ್ರ ಚೊಲೊ. ಹಲ್ಲಿಲೆ ಕಡದ್ರ ಕಟ್ ಅನ್ನೋ ತನಕ ಬಿಸಲಿಗೆ ಒಣಗಿಸಿ, ಬೇವಿನ ಎಲಿ ಹಾಕಿ ಇಡ್ರಿ.

ತುಟ್ಟಿ ಅಂತ ಗೊಣಗಬ್ಯಾಡ್ರಿ ಮತ್ತ. 2025-26ಕ್ಕ ಕೇಂದ್ರದ ಬೆಂಬಲ ಬೆಲಿ ಕ್ವಿಂಟಲ್‌ಗೆ ಹೈಬ್ರಿಡ್‌ಗೆ 3,699, ಮಾಲದಂಡಿಗೆ 3,749 ಇತ್ತು. ಐವತ್ತ ರೂಪಾಯಿ ಫರಕ! ಮಾಲದಂಡಿದು ಇಳುವರಿ ಕಮ್ಮಿ, ಆಳೆತ್ತರ ಬೆಳಿ, ಕೊಯ್ಯಾಕ ಕೂಲಿ ಜಾಸ್ತಿ. ಎತ್ತು ಇದ್ದಾಗ ಕಣಕಿಗೂ (ಜ್ವಾಳದ ಒಣ ದಂಟಿಗೂ) ಬೆಲಿ ಇತ್ತು, ಈಗ ಟ್ರ್ಯಾಕ್ಟರ್ ಇದ್ದವರಿಗೆ ಬಣವಿ ಯಾಕ ಬೇಕು? ಹಿಂಗಾಗಿ ಅದ ಹೊಲಕ್ಕ ಕಡ್ಲಿ ಬಿತ್ತತಾರ. ವಿಶ್ವಸಂಸ್ಥೆ 2023ನ್ನ ಸಿರಿಧಾನ್ಯ ವರ್ಷ ಅಂತ ಘೋಷಣಾ ಮಾಡಿದಾಗ ಭಾಷಣ ಭಾಳ ಆದುವು, ಪಾಕೀಟು ಬಿಸ್ಕೀಟು ಭಾಳ ಬಂದುವು. ಎರಿ ಹೊಲದವಗ ಲೆಕ್ಕ ಕೂಡಬೇಕಲ್ರಿ.

ಸಕ್ಕರಿ ಬ್ಯಾನಿಗೆ ರೊಟ್ಟಿ ಔಷಧ ಅಂತ ಕೆಲವರು ಅಂತಾರ. ಅಲ್ಲ. 100 ಗ್ರಾಂ ಜ್ವಾಳದಾಗ ಸುಮಾರು 70 ಗ್ರಾಂ ಶರ್ಕರಪಿಷ್ಟನ (ಕಾರ್ಬೋಹೈಡ್ರೇಟ್) ಐತಿ. ಎರಡು ರೊಟ್ಟಿ, ತಾಟಿನ ತುಂಬ ಪಲ್ಯ, ಮೊಳಕಿ ಕಾಳು ಇದ್ರ ಬ್ಯಾರೆ ಮಾತು. ನಾಲ್ಕು ರೊಟ್ಟಿ ಹೊಡದು ಮ್ಯಾಲ ಅನ್ನ ಉಂಡ್ರ ಜ್ವಾಳ ಏನ್ ಮಾಡೀತು?

ದಿನಾ ಬಡಿಯಾಕ ಆಗಲಿಲ್ಲ ಅಂದ್ರ ಖಡಕ್ ರೊಟ್ಟಿ ತರಸ್ರಿ, ಅದರಾಗ ಮರ್ಯಾದಿ ಹೋಗೂದಿಲ್ಲ. ಎರಡು ಹೊತ್ತು ಎಂಟು ಮಂದಿಗೆ ಬಡಿಯೂದು ಒಬ್ಬಾಕಿ ತಲಿ ಮ್ಯಾಲ ಹಾಕಿ ‘ಮನಿ ರೊಟ್ಟಿನ ಬೇಕು’ ಅನ್ನೋ ಗಂಡಸರು ಎಸರು ಇಡಾಕರ ಕಲೀಲಿ. ಮನ್ಯಾಗ ಖಡಕ್ ಮಾಡೂದಾದ್ರ ತೆಳ್ಳಗ ಬಡದು, ಸುಟ್ಟ ಮ್ಯಾಲ ಒಂದರ ಮ್ಯಾಲ ಒಂದು ಹಾಕದ ಒಲಿ ಮಗ್ಗಲಕ್ಕ ನಿಲ್ಲಿಸಿ ಒಣಗಿಸ್ರಿ. ನಡುವ ಮೆತ್ತಗ ಉಳಕೊಂಡ್ರ ಬೂಷ್ಟು ಬರತೈತಿ.

ಸಜ್ಜಿ ಹಿಟ್ಟು ಜ್ವಾಳಕಿಂತ ಲಗೂನ ಕಮಟು ಆಗತೈತಿ. ಸಂಕ್ರಾಂತಿ ಎಳ್ಳಿನ ರೊಟ್ಟಿಗೆ ಬೇಕಾದಷ್ಟ ಹಾಕಿಸ್ರಿ.