ಕಸ ತುಂಬಿದ ಜಾತ್ರೆ ಬಯಲಲ್ಲಿ ನಾಣ್ಯ ಹುಡುಕಲು ಮೆಟಲ್ ಡಿಟೆಕ್ಟರ್ ಸೆಟ್ಟಿಂಗ್ ಹೇಗಿಡಬೇಕು?

ನೀವು ಬರೆದದ್ದು ಇಷ್ಟು: ಚಿತ್ತಾಪುರ ಕಡೆಯ ಹಳ್ಳಿ, ಜಾತ್ರೆ ಕೂಡುವ ಬಯಲು, ಮೂರು ತಿಂಗಳಿಂದ ಡಿಟೆಕ್ಟರ್ ಆಡಿಸಿದರೂ ಮೊಳೆ, ಬಾಟಲಿ ಮುಚ್ಚಳ, ಎತ್ತಿನ ಲಾಳ ಬಿಟ್ಟರೆ ಬೇರೇನೂ ಸಿಕ್ಕಿಲ್ಲ. ಡಿಸ್ಕ್ರಿಮಿನೇಶನ್ (ಬೇಡದ ಲೋಹದ ಸದ್ದು ಅಡಗಿಸುವ ಸೆಟ್ಟಿಂಗ್) ಏರಿಸಿದರೆ ಮಷಿನ್ ಮೂಕಾಗುತ್ತದೆ, ಇಳಿಸಿದರೆ ತಲೆ ಚಿಟ್ಟು ಹಿಡಿಯುತ್ತದೆ.

ಮಷಿನ್ ಮುಟ್ಟುವ ಮುಂಚೆ ಒಂದು ಪ್ರಶ್ನೆ. ನಿಮಗೆ ಬೇಕಾದದ್ದು ಯಾವ ನಾಣ್ಯ? ಯೂಟ್ಯೂಬಿನಲ್ಲಿ ನೋಡುವ ಸೆಟ್ಟಿಂಗೆಲ್ಲ ಅಮೆರಿಕ, ಇಂಗ್ಲೆಂಡಿನವರದ್ದು. ಕಬ್ಬಿಣದ ಸದ್ದು ಬಂದರೆ ಬಿಟ್ಟು ಮುಂದೆ ನಡೆಯಿರಿ ಅಂತ ಅವರು ಹೇಳುತ್ತಾರೆ. ನಮ್ಮ ಚಿಲ್ಲರೆಗೆ ಆ ಲೆಕ್ಕ ಹೊಂದುವುದಿಲ್ಲ. 1988ರಿಂದ ಬಂದ ಸ್ಟೀಲಿನ ಹತ್ತು ಪೈಸೆ, ಚಾರಾಣೆ, ಆಠಾಣೆ, 1992ರಿಂದೀಚಿನ ಒಂದು ರೂಪಾಯಿ, ಇವೆಲ್ಲ ಆಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಸ್ಟೀಲ್. ಹಳೇ ಸ್ಪೀಕರಿನ ಮ್ಯಾಗ್ನೆಟ್ ಹಿಡಿದು ನೋಡಿ, ಟಕ್ಕಂತ ಕೂಡುತ್ತವೆ. ಮಷಿನ್‌ಗೂ ಅವು ಬಾಟಲಿ ಮುಚ್ಚಳದ ತಮ್ಮಂದಿರೇ: ಒಮ್ಮೆ ಕಬ್ಬಿಣದ ಹಾಗೆ ಗೊರ್ ಅನ್ನುತ್ತವೆ, ಒಮ್ಮೆ ಒಳ್ಳೆ ಲೋಹದ ಹಾಗೆ ಚಿಣ್ ಅನ್ನುತ್ತವೆ. ಕಬ್ಬಿಣ ಪೂರ್ತಿ ಮುಚ್ಚಿದಿರೋ, ನಿಮ್ಮ ಬಯಲಿನ ಅರ್ಧ ಚಿಲ್ಲರೆ ನೀವೇ ಮುಚ್ಚಿದಂತೆ.

ಅಲ್ಯೂಮಿನಿಯಂ ಪೈಸೆಗಳದ್ದು ಇನ್ನೊಂದು ಫಜೀತಿ. 1960ರ ದಶಕದಿಂದ ಬಂದ ಒಂದು, ಎರಡು, ಮೂರು, ಐದು ಪೈಸೆಗಳು ತೀರ ಹಗುರ. ಒಂದು ಪೈಸೆಯ ತೂಕ ಮುಕ್ಕಾಲು ಗ್ರಾಂ. ಮಷಿನ್ ಪರದೆಯಲ್ಲಿ ಅವುಗಳ ನಂಬರ್ ಬೀಳುವುದು ಗುಳಿಗೆ ಚೀಟಿಯ ಹಾಳೆ, ಕ್ವಾರ್ಟರ್ ಬಾಟಲಿಯ ಮುಚ್ಚಳಗಳ ಸಾಲಿನಲ್ಲಿ. ಕಸದ ಸಾಲನ್ನು ನಾಚ್ ಹಾಕಿ (ಆ ನಂಬರುಗಳನ್ನಷ್ಟೇ ಮೂಕ ಮಾಡಿ) ತೆಗೆದರೆ ಪೈಸೆಯೂ ಹೋಯಿತು. ನಿಕ್ಕಲ್ ಬೆರೆತ ತಾಮ್ರದ ಹಳೇ ರೂಪಾಯಿ (1975ರಿಂದ 1991ರವರೆಗಿನದು) ಆಯಸ್ಕಾಂತಕ್ಕೆ ಅಂಟುವುದಿಲ್ಲ, ಸದ್ದು ಹೆಚ್ಚು ಸ್ವಚ್ಛ. ಇನ್ನೂ ಹಳೆಯ ತಾಮ್ರದ ದುಡ್ಡು, ಬೆಳ್ಳಿ ರೂಪಾಯಿ ಇದ್ದರಂತೂ ಗಂಟೆ ಬಾರಿಸಿದ ಹಾಗೆ.

ಹಾಗಾಗಿ ಮನೆಯಲ್ಲಿ ಚಿಲ್ಲರೆ ಡಬ್ಬಿ ಸುರುವಿ, ಒಂದೊಂದನ್ನೇ ಕಾಯಿಲಿನ (ಮಷಿನ್ ತುದಿಯ, ತಂತಿ ಸುತ್ತಿದ ತಟ್ಟೆಯ) ಮುಂದೆ ಆಡಿಸಿ, ನಂಬರು ಮತ್ತು ಸದ್ದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಜೊತೆಗೆ ನಿಮ್ಮ ಬಯಲಿನದೇ ಹತ್ತು ಕಸ. ಮಷಿನ್‌ಗೊಂದು ಲೆಕ್ಕ: ಗ್ಯಾರೆಟ್ ಏಸ್ 400ರಲ್ಲಿ ನಂಬರು 0ಯಿಂದ 99, ಇಕ್ವಿನಾಕ್ಸ್ 800ರಲ್ಲಿ ಮೈನಸ್ 9ರಿಂದ 40. ಆದ್ದರಿಂದ ನನ್ನ ಚೀಟಿ ನಿಮಗೆ ಉಪಯೋಗಕ್ಕೆ ಬರುವುದಿಲ್ಲ, ನಿಮ್ಮದನ್ನು ನೀವೇ ಬರೆಯಬೇಕು.

ನನ್ನ ಕಥೆ ಕೇಳಿ. ನನ್ನದು ಕಲಬುರಗಿಯಲ್ಲಿ ಮೋಟಾರ್ ರಿವೈಂಡಿಂಗ್ ಕೆಲಸ, ತಂತಿ ಸುತ್ತುವುದೇ ಹೊಟ್ಟೆಪಾಡು. ಡಿಟೆಕ್ಟರ್ ಅಂದರೂ ಸುತ್ತಿದ ತಂತಿಯೇ ತಾನೆ ಅನ್ನುವ ಜಂಬ ಇತ್ತು. ಕಮಲಾಪುರದ ಹತ್ತಿರ ನಮ್ಮ ಹೊಲದ ಒಂದು ಮೂಲೆಯಲ್ಲಿ ಹಿಂದೆ ದನದ ಸಂತೆ ಕೂಡುತ್ತಿತ್ತಂತೆ. ತೊಗರಿ ಕಿತ್ತಾದ ಮೇಲೆ ಏಸ್ 400 ಹಿಡಿದು ಇಳಿದೆ. ದೊಡ್ಡ ಕಾಯಿಲ್, ಸೆನ್ಸಿಟಿವಿಟಿ (ಎಷ್ಟು ಸಣ್ಣ ಸುಳಿವನ್ನೂ ಮಷಿನ್ ಹಿಡಿಯಬೇಕು ಅನ್ನುವುದು) ಎಂಟೂ ಕಡ್ಡಿ, ಕಬ್ಬಿಣ ಪೂರ್ತಿ ಬಂದ್. ಆರು ಭಾನುವಾರ ಹೋದೆ. ಸಿಕ್ಕಿದ್ದು ಒಂದು ಹಿತ್ತಾಳೆ ಗುಂಡಿ ಮತ್ತು ಬೆನ್ನುನೋವು.

ತಪ್ಪು ಗೊತ್ತಾದದ್ದು ಮನೆ ಅಂಗಳದಲ್ಲಿ. ಮಣ್ಣಿನ ಮೇಲೆ ಹಾಸಿದ ಶಹಾಬಾದ್ ಕಲ್ಲು, ಕೆಳಗೆ ಸಲಾಕೆ ಇಲ್ಲ, ಪರೀಕ್ಷೆಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. (ಆರ್‌ಸಿಸಿ ನೆಲದ ಮೇಲೆ ಮಾಡಬೇಡಿ, ಒಳಗಿನ ಕಬ್ಬಿಣವೇ ಕೂಗುತ್ತದೆ.) ಒಂದು ಹಳೇ ರೂಪಾಯಿ ಇಟ್ಟೆ, ಚಿಣ್ ಅಂತು. ಅದರ ಎರಡೂ ಬದಿಗೆ ನಾಲ್ಕು ಬೆರಳು ದೂರದಲ್ಲಿ ಲಾಳದ ಮೊಳೆ ಒಂದೊಂದು ಇಟ್ಟೆ. ದೊಡ್ಡ ಕಾಯಿಲ್ ಅದೇ ಎತ್ತರದಲ್ಲಿ ಹಾದುಹೋಯಿತು, ಸದ್ದೇ ಇಲ್ಲ! ಕಣ್ಣೆದುರಿಗಿದ್ದ ರೂಪಾಯಿ ಮಾಯ. ಕಾಯಿಲ್ ತನ್ನ ಕೆಳಗಿದ್ದದ್ದನ್ನೆಲ್ಲ ಒಟ್ಟಿಗೆ ಕೇಳುತ್ತದೆ. ಮೊಳೆಯ ಸದ್ದು ಜೋರಾಗಿದ್ದರೆ ಎಲ್ಲ ಸೇರಿ ಕಬ್ಬಿಣ ಅಂತಲೇ ತೀರ್ಮಾನ, ನಾನು ಕಬ್ಬಿಣಕ್ಕೆ ಬಾಯಿ ಹೊಲಿದಿದ್ದೆ, ಹಾಗಾಗಿ ಮೌನ. ಮಷಿನ್ ಸುಳ್ಳು ಹೇಳಿರಲಿಲ್ಲ, ನಾನು ಬಾಯಿ ಮುಚ್ಚು ಅಂದದ್ದಕ್ಕೆ ಮುಚ್ಚಿತ್ತು.

ಮೊದಲ ಬದಲಾವಣೆ ಸೆಟ್ಟಿಂಗಿನಲ್ಲಿ ಅಲ್ಲ, ಕಾಯಿಲಿನಲ್ಲಿ ಮಾಡಿ. ಏಸ್‌ಗೆ 5×8 ಇಂಚಿನದು, ಇಕ್ವಿನಾಕ್ಸ್‌ಗೆ 6 ಇಂಚಿನದು ಸಿಗುತ್ತದೆ. ಆಳ ಕಡಿಮೆಯಾಗುತ್ತದೆ, ಆಗಲಿ ಬಿಡಿ. ಜಾತ್ರೆ ಬಯಲಿನ ಚಿಲ್ಲರೆ ಹೆಚ್ಚಾಗಿ ಬೆರಳುದ್ದದ ಆಳದೊಳಗೇ ಇರುತ್ತದೆ. ರೊಕ್ಕ ಖರ್ಚು ಮಾಡುವುದಿದ್ದರೆ ಹೊಸ ಮಷಿನ್‌ಗಿಂತ ಮೊದಲು ಚಿಕ್ಕ ಕಾಯಿಲಿಗೆ ಮಾಡಿ ಅಂತ ಯಾರು ಕೇಳಿದರೂ ಹೇಳುತ್ತೇನೆ.

ಆಮೇಲೆ ಸೆನ್ಸಿಟಿವಿಟಿ ಇಳಿಸಿ. ಎಲ್ಲರ ಕೈ ಏರಿಸುವ ಕಡೆಗೇ ಹೋಗುತ್ತದೆ, ನನ್ನದೂ ಹೋಗಿತ್ತು. ಏರಿಸಿದಷ್ಟೂ ಒಂದೇ ಸಲಕ್ಕೆ ಹೆಚ್ಚು ಕಸ ಕಿವಿಗೆ ಬೀಳುತ್ತದೆ. ಎಂಟು ಕಡ್ಡಿಯಲ್ಲಿ ನಾಲ್ಕು, ಐದು ಸಾಕು. ಇಕ್ವಿನಾಕ್ಸ್ ಇದ್ದರೆ 25ರಲ್ಲಿ 15ರ ಆಸುಪಾಸು. ಹತ್ತಿರ ಕರೆಂಟ್ ಲೈನ್ ಹಾದಿದ್ದರೆ ಇನ್ನೂ ಇಳಿಸಬೇಕಾಗಬಹುದು. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲವೇ ಕಾಯಿಲಿನಿಂದ ದೂರ ಇಡಿ.

ಡಿಸ್ಕ್ರಿಮಿನೇಶನ್ ಬಗ್ಗೆ ನನ್ನ ಅಭಿಪ್ರಾಯ ಖಡಕ್: ಕಬ್ಬಿಣವನ್ನು ಮೂಕ ಮಾಡಬೇಡಿ, ದನಿ ತಗ್ಗಿಸಿ. ಏಸ್ 400ರಲ್ಲಿ ಐರನ್ ಆಡಿಯೋ (ಮುಚ್ಚಿದ ಕಬ್ಬಿಣವನ್ನೂ ತಗ್ಗು ದನಿಯಲ್ಲಿ ಕೇಳಿಸುವುದು) ಇದೆ, ಅದನ್ನು ಹಾಕಿಡಿ. ಇಕ್ವಿನಾಕ್ಸಿನಲ್ಲಿ ಆಲ್ ಮೆಟಲ್ (ಯಾವ ಲೋಹಕ್ಕೂ ಬಾಯಿ ಮುಚ್ಚದ ಸ್ಥಿತಿ) ಇಟ್ಟು, ಕಬ್ಬಿಣದ ಟೋನಿನ ವಾಲ್ಯೂಮ್ ಮಾತ್ರ ಕೆಳಗಿಳಿಸಿ. ಮೊದಲೆರಡು ದಿನ ಕಿವಿ ಕಿತ್ತು ಬರುತ್ತದೆ. ಮೂರನೇ ದಿನ, ಸಂತೆ ಗದ್ದಲದ ನಡುವೆ ನಿಮ್ಮ ಹೆಸರು ಕರೆದರೆ ತಟ್ಟನೆ ಕೇಳುವುದಿಲ್ಲವೇ, ಹಾಗೆ ಗೊರಗೊರದ ನಡುವಿನ ಚಿಣ್ ಕಿವಿಗೆ ತಾನೇ ಬರುತ್ತದೆ. ಹೆಡ್‌ಫೋನ್ ಇರಲಿ.

ರಿಕವರಿ ಸ್ಪೀಡ್ ಅಂದರೆ ಒಂದು ಲೋಹದ ಸದ್ದು ಮುಗಿಸಿ ಮಷಿನ್ ಎಷ್ಟು ಬೇಗ ಮುಂದಿನದಕ್ಕೆ ಕಿವಿ ಕೊಡುತ್ತದೆ ಅನ್ನುವುದು. ಕಸದಲ್ಲಿ ಏರಿಸಿ: ಇಕ್ವಿನಾಕ್ಸ್ 800ರ ಎಂಟು ಹಂತದಲ್ಲಿ 6 ಅಥವಾ 7. ಐರನ್ ಬಯಾಸ್ (ಅನುಮಾನದ ಸದ್ದನ್ನು ಕಬ್ಬಿಣದ ಕಡೆಗೆ ತಳ್ಳುವುದು) ಕಡಿಮೆ ಇಡಿ, 0ಯಿಂದ 2. ಆಗ ಬಾಟಲಿ ಮುಚ್ಚಳಗಳು ಹೆಚ್ಚು ಮೋಸ ಮಾಡುತ್ತವೆ, ನಿಜ. ಮುಚ್ಚಳದ ರಾಶಿಯೇ ಇರುವ ಮೂಲೆಯಲ್ಲಿ ಮಾತ್ರ ಏರಿಸಿಕೊಳ್ಳಿ. ಏಸ್‌ನಲ್ಲಿ ಇವೆರಡೂ ಇಲ್ಲ, ಅಲ್ಲಿ ಚಿಕ್ಕ ಕಾಯಿಲ್ ಮತ್ತು ನಿಧಾನದ ಕೈಯೇ ಗತಿ.

ಗ್ರೌಂಡ್ ಬ್ಯಾಲೆನ್ಸ್ ಅಂದರೆ ನೆಲದ ಸ್ವಂತ ಸದ್ದನ್ನು ಮಷಿನ್ ಕಡೆಗಣಿಸುವಂತೆ ಹೊಂದಿಸುವುದು. ಅದರ ವಿಷಯದಲ್ಲಿ ನೀವು ಪುಣ್ಯವಂತರು. ಚಿತ್ತಾಪುರ, ವಾಡಿ, ಶಹಾಬಾದ್ ಕಡೆ ಸುಣ್ಣಕಲ್ಲಿನ ನೆಲ, ಮಷಿನ್ ಶಾಂತವಾಗಿರುತ್ತದೆ. ಮೇಲೆ ಕರಿ ಎರೆ ಇದ್ದರೆ ಸ್ವಲ್ಪ ಗುನುಗುತ್ತದೆ ಅಷ್ಟೇ. ಬೀದರಿನಲ್ಲಿ ಅಣ್ಣನ ಮನೆಯ ಹಿತ್ತಲಲ್ಲಿ ಒಮ್ಮೆ ಆಡಿಸಿದ್ದೆ, ಅಲ್ಲಿಯ ಕೆಂಪು ಜಂಬಿಟ್ಟಿಗೆಯಲ್ಲಿ ಕಬ್ಬಿಣದ ಅಂಶ ಎಷ್ಟೆಂದರೆ ಬರೀ ನೆಲಕ್ಕೇ ಏಸ್ ಬಡಬಡಿಸಿತು. ಅದರಲ್ಲಿ ಗ್ರೌಂಡ್ ಬ್ಯಾಲೆನ್ಸ್ ಕಂಪನಿಯಲ್ಲೇ ಕೂಡಿಸಿದ್ದು, ನಾವು ತಿರುವಲಾಗದು. ನಿಮ್ಮ ಮಷಿನ್‌ಗೆ ಆ ಸೌಲಭ್ಯ ಇದ್ದರೆ ಬದುವಿನ ಹತ್ತಿರ ಲೋಹ ಇಲ್ಲದ ಒಂದು ಜಾಗ ನೋಡಿ, ಕಾಯಿಲನ್ನು ಗೇಣೆತ್ತರ ಎತ್ತಿ ಇಳಿಸುತ್ತ ಹೊಂದಿಸಿಕೊಳ್ಳಿ. ಕಸದ ನಡುವೆ ನಿಂತು ಮಾಡಿದರೆ ಮೊಳೆಗೇ ಬ್ಯಾಲೆನ್ಸ್ ಮಾಡಿದಂತಾಗುತ್ತದೆ.

ಅಗೆಯುವ ಮುಂಚೆ ಎರಡು ಪರೀಕ್ಷೆ. ಸದ್ದು ಬಂದ ಜಾಗದ ಮೇಲೆ ಕಾಯಿಲನ್ನು ಚಿಕ್ಕದಾಗಿ ಆಡಿಸಿ, ಆಮೇಲೆ ಕಾಲ ಮೇಲೆ ತಿರುಗಿ ಪಕ್ಕದಿಂದ ಆಡಿಸಿ. ಸ್ಟೀಲಿನದು ಬಿಟ್ಟರೆ ಉಳಿದ ನಾಣ್ಯ ಎಲ್ಲಾ ದಿಕ್ಕಿನಿಂದ ಒಂದೇ ಮಾತು ಆಡುತ್ತದೆ, ಜಾಗ ಬದಲಿಸುವುದಿಲ್ಲ. ಬಗ್ಗಿದ ಮೊಳೆ ಒಂದು ದಿಕ್ಕಿಗೆ ಚಿಣ್, ಇನ್ನೊಂದಕ್ಕೆ ಗೊರ್. ಎರಡನೆಯದು, ಕಾಯಿಲನ್ನು ನಿಧಾನಕ್ಕೆ ಮೇಲೆತ್ತಿ. ನಾಣ್ಯದ ಸದ್ದು ಬೇಗ ಸೊರಗುತ್ತದೆ. ಮೊಳಕಾಲ ತನಕ ಎತ್ತಿದರೂ ಕೂಗುತ್ತಿದ್ದರೆ ಅದು ಡಬ್ಬಿಯೋ ತಗಡೋ. ಆದರೆ ಬೇಸಿಗೆಯ ಎರೆ ನೆಲದಲ್ಲಿ ಬಿರುಕಿಗೆ ಬಿದ್ದ ನಾಣ್ಯ ನೆಟ್ಟಗೆ ನಿಂತಿರುತ್ತದೆ, ಅದರ ಸದ್ದು ಕುಂಟುತ್ತದೆ. ಅನುಮಾನ ಇದ್ದರೆ ಖುರ್ಪಿ ಹಾಕಿ.

ಮರುವರ್ಷ ಮೊದಲ ಮಳೆ ಬಿದ್ದು ನೆಲ ಹಸಿಯಾದಾಗ ಅದೇ ಮೂಲೆಗೆ ಚಿಕ್ಕ ಕಾಯಿಲ್ ಹಿಡಿದು ಹೋದೆ. ಎರಡನೇ ತಾಸಿಗೆ ಒಂದು ಲಾಳದ ಪಕ್ಕ ಚಿಣ್ ಅಂತು. ನಾಲ್ಕು ಬೆರಳು ಅಗೆದರೆ ತೂತಿನ ಪೈಸೆ, 1943ರಿಂದ 47ರ ನಡುವಿನ ಬ್ರಿಟಿಷ್ ಕಾಲದ್ದು, ಇಸವಿ ಸವೆದಿತ್ತು. ನಿಜಾಮನ ಸೀಮೆಯಲ್ಲಿ ಅವನದೇ ನಾಣ್ಯ, ಹಾಲಿ ಸಿಕ್ಕಾ, ನಡೆಯುತ್ತಿದ್ದ ಕಾಲಕ್ಕೆ ಈ ಪೈಸೆ ಸೊಲ್ಲಾಪುರದ ವ್ಯಾಪಾರಿ ಕಿಸೆಯಿಂದ ಬಿದ್ದಿರಬೇಕು ಅಂತ ನನ್ನ ಊಹೆ. ಮುತ್ಯಾಗೆ ತೋರಿಸಿದೆ. "ಇದು ಪೈಸೆ ಅಲ್ಲೋ, ಉಡದಾರಕ್ಕ ಕಟ್ಟೋದು. ನಮ್ಮವ್ವ ನನಗ ಕಟ್ಟಿದ್ಳು," ಅಂದ. ಬೆಲೆ ಕೇಳಿದರೆ ಏನೂ ಇಲ್ಲ.

ಬಯಲಲ್ಲಿ ಎಲ್ಲ ಕಡೆ ಒಂದೇ ಸಮ ಆಡಿಸುತ್ತ ಕೂಡಬೇಡಿ. ತೇರು ಎಳೆಯುವ ದಾರಿಯ ಎರಡೂ ಅಂಚು ಮೊದಲು. ಉತ್ತತ್ತಿ, ಬಾಳೆಹಣ್ಣಿನ ಜೊತೆ ಕೆಲವರು ಚಿಲ್ಲರೆಯನ್ನೂ ತೂರುತ್ತಾರೆ. ಆಮೇಲೆ ದೊಡ್ಡ ತಿರುಗು ತೊಟ್ಟಿಲು ನಿಲ್ಲುವ ಜಾಗ, ಕಿಸೆ ತಲೆಕೆಳಗಾಗುವುದು ಅಲ್ಲೇ. ಸೆರೆ ಕುಡಿಯುವ ಮೂಲೆ ಕೊನೆಗೆ. ಅಲ್ಲಿ ಬಿದ್ದ ಟೆಟ್ರಾ ಪ್ಯಾಕಿನ ಒಳಪದರದಲ್ಲಿ ಅಲ್ಯೂಮಿನಿಯಂ ಹಾಳೆ ಇರುತ್ತದೆ, ಮಡಚಿ ಮಣ್ಣಿಗೆ ಸೇರಿದ್ದರೆ ಪೈಸೆಯ ಹಾಗೇ ಕೂಗಿ ಸತಾಯಿಸುತ್ತದೆ. ಅಗೆದ ಕಸವನ್ನು ಚೀಲಕ್ಕೆ ಹಾಕಿಕೊಳ್ಳಿ, ಮತ್ತೆ ಅಲ್ಲೇ ಎಸೆದರೆ ಮುಂದಿನ ವಾರ ಅದನ್ನೇ ಅಗೆಯುತ್ತೀರಿ.

ಊರವರ ಒಪ್ಪಿಗೆ ಕೇಳಿದ್ದೀರೋ ಇಲ್ಲವೋ ಬರೆದಿಲ್ಲ. ನಮ್ಮ ಕಡೆ ಈ ಮಷಿನ್ ಕಂಡರೆ ಜನರಿಗೆ ಹೊಳೆಯುವುದು ಒಂದೇ. ನನ್ನ ಸ್ವಂತ ಹೊಲದಲ್ಲೇ ದಾರಿಯ ಮೇಲೆ ಹೋಗುತ್ತಿದ್ದ ಮುದುಕರೊಬ್ಬರು ನಿಂತು, "ಏನ್ ತಮ್ಮಾ, ನಿಧಿ ಹುಡುಕ್ಲಾಕತ್ತೀ ಏನ್?" ಅಂದರು. "ಇಲ್ಲ ಕಾಕಾ, ಚಾರಾಣೆ," ಅಂದೆ. ನಂಬಲಿಲ್ಲ, ಸಂಜೆಗೆ ಊರೆಲ್ಲ ಸುದ್ದಿ. ಪಂಚಾಯ್ತಿಯಲ್ಲಿ, ಗುಡಿಯ ಹಿರಿಯರಲ್ಲಿ ಮೊದಲೇ ಹೇಳಿ, ಹಗಲು ಹೊತ್ತಲ್ಲೇ ಹೋಗಿ. ಕೋಟೆ, ಗುಮ್ಮಟ, ಹಾಳುಗುಡಿ ಹತ್ತಿರ ಬೇಡವೇ ಬೇಡ. ನಿಮ್ಮ ತಾಲೂಕಿನಲ್ಲೇ ಸನ್ನತಿ, ಕನಗನಹಳ್ಳಿ ಇವೆ. ಅಶೋಕನ ಶಾಸನ, ಬೌದ್ಧ ಸ್ತೂಪ ಸಿಕ್ಕ ನೆಲ ಅದು, ಅಲ್ಲಿ ಖುರ್ಪಿ ಹಾಕುವುದು ಅಪರಾಧ. ರಾಜ್ಯಕ್ಕೆ 1962ರ ನಿಧಿ ಕಾಯ್ದೆಯೂ ಇದೆ. ಹೂತಿಟ್ಟ ಗಡಿಗೆ ಗಿಡಿಗೆ ಕಂಡರೆ ಅಲ್ಲಿಗೇ ಕೈ ನಿಲ್ಲಿಸಿ ತಹಶೀಲ್ದಾರರಿಗೋ ಜಿಲ್ಲಾಧಿಕಾರಿಗೋ ತಿಳಿಸಿ.

ನಿಮ್ಮ ಮಷಿನ್ ಯಾವುದು ಅಂತ ಹೇಳಿದರೆ ಯಾವ ಗುಂಡಿ ಎಷ್ಟು ಸಲ ಒತ್ತಬೇಕು ಅನ್ನುವುದನ್ನೂ ಬರೆಯುತ್ತೇನೆ. ಅಲ್ಲಿಯ ತನಕ ಎರಡು ಮೊಳೆ, ಒಂದು ರೂಪಾಯಿ ಹಿಡಿದು ಅಂಗಳಕ್ಕೆ ಹೋಗಿ.