ಪ್ರತಿಕ್ರಿಯೆ: ಸ್ನಾನದ ನಂತರ ಮುಚ್ಚಿಕೊಂಡ ಕಿವಿ

ಸ್ನಾನ ಆದಮೇಲೆ ಬಲಗಿವಿ ಗಪ್ಪನೆ ಮುಚ್ಚಿಕೊಂಡಿತು, ಹತ್ತಿಯ ಬಡ್ ಹಾಕಿದ ಮೇಲೆ ಇನ್ನೂ ಜಾಸ್ತಿಯಾಯ್ತು ಅಂದಿದ್ದೀರಿ. ಬಹುಮಟ್ಟಿಗೆ ಗುಗ್ಗೆಯೇ. ಅದು ಹುಟ್ಟುವುದು ಕಿವಿನಾಳದ ಹೊರಭಾಗದಲ್ಲಿ ಮಾತ್ರ; ಚರ್ಮದ ಜೊತೆ ತಾನಾಗಿಯೇ ಮೆಲ್ಲಗೆ ಹೊರಗೆ ಸರಿಯುತ್ತದೆ. ಬಡ್ ಅದನ್ನು ಒಳಕ್ಕೆ ತಳ್ಳಿ ಗಟ್ಟಿಸುತ್ತದೆ, ನೀರು ತಾಗಿದಾಗ ಆ ಮುದ್ದೆ ಊದಿಕೊಂಡು ದಾರಿ ಪೂರ್ತಿ ಮುಚ್ಚುತ್ತದೆ.

ಬಡ್ ಬಿಟ್ಟುಬಿಡಿ. ಆಲಿವ್ ಎಣ್ಣೆ ಅಥವಾ 5% ಸೋಡಿಯಂ ಬೈಕಾರ್ಬನೇಟ್ ಹನಿ ತಂದು, ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ಮೈಬಿಸಿಗೆ ತನ್ನಿ. ತಣ್ಣಗಿದ್ದರೆ ತಲೆ ಗಿರ್ರನ್ನುತ್ತದೆ. ಮಗ್ಗುಲಾಗಿ ಮಲಗಿ, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು 2-3 ಹನಿ ಬಿಟ್ಟು 5 ನಿಮಿಷ ಹಾಗೇ ಇರಿ. ದಿನಕ್ಕೆರಡು ಸಲ, 3ರಿಂದ 5 ದಿನ. ಮೊದಲೆರಡು ದಿನ ಇನ್ನಷ್ಟು ಮುಚ್ಚಿದಂತೆ ಅನಿಸಬಹುದು, ಗುಗ್ಗೆ ನೆನೆಯುತ್ತಿದೆ ಅಷ್ಟೇ. ಐದು ದಿನವಾದರೂ ಬಿಡದಿದ್ದರೆ ಇಎನ್‌ಟಿಯವರು (ಕಿವಿ-ಮೂಗು-ಗಂಟಲು ವೈದ್ಯರು) ಸಕ್ಷನ್‌ನಲ್ಲಿ, ಅಂದರೆ ಹೀರಿ, ತೆಗೆಯುತ್ತಾರೆ.

ನೋವು, ಸೋರಿಕೆ ಇದ್ದರೆ ಅಥವಾ ಕಿವಿತಮಟೆ (ಕಿವಿಯೊಳಗಿನ ತೆಳು ಪೊರೆ) ತೂತಾದ ಇತಿಹಾಸವಿದ್ದರೆ ಹನಿ ಬೇಡ, ನೇರ ವೈದ್ಯರ ಹತ್ತಿರ ಹೋಗಿ. ಇನ್ನೊಂದು: ಬಾಯಿ ಮುಚ್ಚಿ 'ಹ್ಮ್' ಎಂದು ಗುನುಗಿ ನೋಡಿ. ಮುಚ್ಚಿದ ಕಿವಿಯಲ್ಲೇ ಜೋರಾಗಿ ಕೇಳಿದರೆ ಅಡಚಣೆಯ ಲಕ್ಷಣ. ಚೆನ್ನಾಗಿರುವ ಕಿವಿಗೆ ಸದ್ದು ವಾಲಿದರೆ ನರದ ತೊಂದರೆ ಇರಬಹುದು. ಹನಿ ಹಾಕುತ್ತಾ ಕೂರದೆ ಅವತ್ತೇ ತೋರಿಸಿ.